ಕೆನ್ನಿ ವಾಷಿಂಗ್ಟನ್ ಲೇಖನ: ಬಾಗಿಲು ತೆರೆಸಿದವರು ಯಾರು?

ಪ್ರಿಯ ಲೇಖಕರೇ,

ಕಪ್ಪುವರ್ಣೀಯ ಆಟಗಾರ ಕೆನ್ನಿ ವಾಷಿಂಗ್ಟನ್ ಕುರಿತ ನಿಮ್ಮ ಲೇಖನ ತಲುಪಿದೆ. ಒಳ್ಳೆಯ ವಿಷಯ. ಅಮೆರಿಕನ್ ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ಆತನ ಮಂಡಿನೋವಿನ ಭಾಗವನ್ನು ಹದವಾಗಿ ಬರೆದಿದ್ದೀರಿ. ಆದರೂ ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ. ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು. ಉಳಿದದ್ದನ್ನು ಬಿಟ್ಟು ಆ ಎರಡರ ಬಗ್ಗೆ ಮಾತ್ರ ಹೇಳುತ್ತೇನೆ.

ಮೂರನೇ ಪ್ಯಾರಾದಲ್ಲಿ ಹೀಗಿದೆ: “1946ರಲ್ಲಿ ಎನ್‌ಎಫ್‌ಎಲ್ ಬಾಗಿಲು ತೆರೆಯಿತು. ಕಪ್ಪುವರ್ಣೀಯರಿಗೆ ಮೊದಲ ಬಾರಿ ಅವಕಾಶ ಒದಗಿ ಬಂತು.”

“ಮೊದಲ ಬಾರಿ” ಎಂಬುದು ತಪ್ಪು. ಎನ್‌ಎಫ್‌ಎಲ್ ಎಂಬ ಈ ವೃತ್ತಿಪರ ಫುಟ್‌ಬಾಲ್ ಲೀಗ್ 1920ರಲ್ಲಿ ಒಹಾಯೊದ ಕ್ಯಾಂಟನ್ ಊರಿನಲ್ಲಿ ಬೇರೆ ಹೆಸರಿನಿಂದ ಹುಟ್ಟಿತು. ಆ ಮೊದಲ ವರ್ಷವೇ ಫ್ರಿಟ್ಜ್ ಪೊಲಾರ್ಡ್ ಆಕ್ರನ್ ಪ್ರೋಸ್ ತಂಡಕ್ಕೂ ಬಾಬಿ ಮಾರ್ಷಲ್ ರಾಕ್ ಐಲೆಂಡ್ ತಂಡಕ್ಕೂ ಆಡಿದ್ದರು. ಇಬ್ಬರೂ ಕಪ್ಪುವರ್ಣೀಯರು. ಆಕ್ರನ್ ಆ ವರ್ಷ ಒಂದು ಪಂದ್ಯವನ್ನೂ ಸೋಲದೆ ಚಾಂಪಿಯನ್ ಆಯಿತು. 1921ರಲ್ಲಿ ಪೊಲಾರ್ಡ್ ಆಡುತ್ತಲೇ ಆ ತಂಡದ ಕೋಚ್ ಕೂಡ ಆದರು. 1933ರಲ್ಲಿ ಆಡಿದ ಜೋ ಲಿಲಾರ್ಡ್ ಮತ್ತು ರೇ ಕೆಂಪ್ ಆ ಪೀಳಿಗೆಯ ಕೊನೆಯವರು. 1934ರಿಂದ 1945ರವರೆಗೆ, ಅಂದರೆ 12 ಋತುಗಳಲ್ಲಿ, ಲೀಗ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಅದಕ್ಕೆ ಲಿಖಿತ ನಿಯಮವೇನೂ ಇರಲಿಲ್ಲ. ಮಾಲೀಕರು ಯಾರನ್ನೂ ಸೇರಿಸಿಕೊಳ್ಳದೆಯೇ ನಿಷೇಧವನ್ನು ಜಾರಿಯಲ್ಲಿಟ್ಟರು.

ಹಾಗಾಗಿ ಇದನ್ನು ಬರೀ ಇಸವಿಯ ತಪ್ಪೆಂದು ಬಿಡುವಂತಿಲ್ಲ. “ಮೊದಲ ಬಾರಿ” ಎಂದು ಬರೆದಾಗ, ಇದ್ದ ಜನರನ್ನು ಹೊರಗೆ ಹಾಕಿದ ಸಂಗತಿಯೇ ಅಳಿಸಿಹೋಗುತ್ತದೆ. ಅದು ಅಳಿಸಿದರೆ ನಿಮ್ಮ ಕಥಾನಾಯಕನಿಗೆ ಆದ ಅನ್ಯಾಯವೂ ಓದುಗರಿಗೆ ಕಾಣುವುದಿಲ್ಲ. 1939ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಪರ ಆಡಿದ ವಾಷಿಂಗ್ಟನ್, ಓಟ ಮತ್ತು ಎಸೆತ ಎರಡೂ ಸೇರಿ 1,370 ಗಜ ಗಳಿಸಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಮೊದಲಿಗನಾದ. ಮರುವರ್ಷದ ಋತುವಿಗಾಗಿ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಂಡಾಗ ಒಂದೇ ಒಂದು ಎನ್‌ಎಫ್‌ಎಲ್ ತಂಡ ಅವನ ಹೆಸರು ಕೂಗಲಿಲ್ಲ. 21ನೇ ವಯಸ್ಸಿನಿಂದ 27ರವರೆಗೆ, ಓಟಗಾರನ ಕಾಲಿಗೆ ಅತ್ಯಂತ ಕಸುವಿರುವ ವರ್ಷಗಳು, ಹಾಲಿವುಡ್ ಬೇರ್ಸ್‌ನಂಥ ಪಶ್ಚಿಮ ಕರಾವಳಿಯ ತಂಡಗಳಲ್ಲಿ ಕಳೆದವು. ಎನ್‌ಎಫ್‌ಎಲ್‌ಗೆ ಬರುವ ಹೊತ್ತಿಗೆ ಮಂಡಿಗೆ ಹಲವು ಶಸ್ತ್ರಚಿಕಿತ್ಸೆಗಳಾಗಿದ್ದವು. ನೀವು ಹದವಾಗಿ ಬರೆದ ಮಂಡಿನೋವಿನ ಭಾಗ ಈ ಲೆಕ್ಕದ ಪಕ್ಕದಲ್ಲಿ ಬರಬೇಕು.

ಇನ್ನು “ಬಾಗಿಲು ತೆರೆಯಿತು”, “ಅವಕಾಶ ಒದಗಿ ಬಂತು”. ಯಾರು ತೆರೆದರು? ಯಾರು ಒದಗಿಸಿದರು? ನಾನು ಡೆಸ್ಕಿನಲ್ಲಿ ಕೆಲಸ ಕಲಿಯುವಾಗ ನಮ್ಮ ಮುಖ್ಯ ಉಪಸಂಪಾದಕರು “ಸಭೆ ರದ್ದಾಯಿತು”, “ವರ್ಗಾವಣೆಯಾಯಿತು” ಎಂಬಂಥ ವಾಕ್ಯ ಕಂಡರೆ ಅಂಚಿನಲ್ಲಿ ಕೆಂಪು ಪೆನ್ನಿನಿಂದ “ಯಾರು?” ಎಂದಷ್ಟೇ ಬರೆದು ಕಾಪಿ ವಾಪಸ್ ಕೊಡುತ್ತಿದ್ದರು. ಹೆಸರು ಸಿಗುವವರೆಗೆ ಆ ಕಾಪಿ ಕಂಪೋಸಿಂಗ್‌ಗೆ ಹೋಗುತ್ತಿರಲಿಲ್ಲ. ನಿಮ್ಮ ಪ್ಯಾರಾದ ಅಂಚಿನಲ್ಲೂ ನಾನು ಅದನ್ನೇ ಬರೆದಿದ್ದೇನೆ.

ಹೆಸರುಗಳು ಇವೆ. 1945ರ ಚಾಂಪಿಯನ್ ತಂಡ ರ‍್ಯಾಮ್ಸ್ ಅನ್ನು ಮಾಲೀಕ ಡ್ಯಾನ್ ರೀವ್ಸ್ ಕ್ಲೀವ್‌ಲೆಂಡಿನಿಂದ ಲಾಸ್ ಏಂಜಲೀಸ್‌ಗೆ ಎತ್ತಿಕೊಂಡು ಬಂದರು. ಆಡಲು ಅವರಿಗೆ ಕೊಲಿಸಿಯಮ್ ಕ್ರೀಡಾಂಗಣ ಬೇಕಿತ್ತು. ಅದು ಸಾರ್ವಜನಿಕರ ಸ್ವತ್ತು, ಅದನ್ನು ನಡೆಸುತ್ತಿದ್ದದ್ದು ಒಂದು ಆಯೋಗ. 1946ರ ಜನವರಿಯಲ್ಲಿ ಆ ಆಯೋಗದ ಸಭೆಗೆ ಹ್ಯಾಲಿ ಹಾರ್ಡಿಂಗ್ ಎಂಬ ಕಪ್ಪುವರ್ಣೀಯ ಪತ್ರಕರ್ತ ಹೋದರು. ಅವರು ಲಾಸ್ ಏಂಜಲೀಸ್ ಟ್ರಿಬ್ಯೂನ್ ಪತ್ರಿಕೆಯ ಕ್ರೀಡಾ ಬರಹಗಾರರು. ಕಪ್ಪು ಜನರ ತೆರಿಗೆಯ ಹಣವೂ ಸೇರಿ ಕಟ್ಟಿದ ಮೈದಾನವನ್ನು ಕಪ್ಪು ಆಟಗಾರರನ್ನು ದೂರವಿಡುವ ತಂಡಕ್ಕೆ ಹೇಗೆ ಕೊಡುತ್ತೀರಿ ಎಂಬುದು ಅವರ ವಾದದ ತಿರುಳು. ರ‍್ಯಾಮ್ಸ್‌ನ ಜನರಲ್ ಮ್ಯಾನೇಜರ್ ಚೈಲ್ ವಾಲ್ಷ್ ಅಲ್ಲಿಯೇ ಉತ್ತರ ಕೊಡಬೇಕಾಯಿತು. ಮಾರ್ಚ್ 21ರಂದು ವಾಷಿಂಗ್ಟನ್ ಜೊತೆ ಕರಾರು ಆಯಿತು. ಬಾಗಿಲು ತೆರೆಸಿದ್ದು ಮೈದಾನದ ಗುತ್ತಿಗೆ ಮತ್ತು ಅದನ್ನು ಹಿಡಿದು ಜಗ್ಗಿದ ಒಬ್ಬ ಪತ್ರಕರ್ತ. ನಿಮ್ಮ ಇಡೀ ಲೇಖನದಲ್ಲಿ ಹಾರ್ಡಿಂಗ್ ಹೆಸರೇ ಇಲ್ಲ. ಅದು ನನಗೆ ಸಹಿಸಲಾಗದ ಕೊರತೆ.

ಇದು ಒಂದೇ ಊರಿನ ಕತೆಯೂ ಅಲ್ಲ. ರಾಜಧಾನಿಯ ತಂಡದ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ 1961ರವರೆಗೂ ಒಬ್ಬ ಕಪ್ಪು ಆಟಗಾರನನ್ನೂ ಸೇರಿಸಿಕೊಳ್ಳಲಿಲ್ಲ. 1962ರಲ್ಲಿ ಅವರು ಮಣಿದದ್ದೂ ಹೊಸ ಕ್ರೀಡಾಂಗಣ ಸರ್ಕಾರದ ಜಮೀನಿನಲ್ಲಿತ್ತು ಎಂಬ ಕಾರಣಕ್ಕೆ. ಸರ್ಕಾರಿ ಜಮೀನಿನ ಹೊಣೆ ಹೊತ್ತ ಒಳಾಡಳಿತ ಖಾತೆಯ ಕಾರ್ಯದರ್ಶಿ (ನಮ್ಮಲ್ಲಿನ ಸಚಿವರಂತೆ) ಸ್ಟೂವರ್ಟ್ ಉಡಾಲ್ ಆ ಜಮೀನನ್ನೇ ಮುಂದಿಟ್ಟು ಒತ್ತಡ ಹೇರಿದರು. ಜಾಗವಿದ್ದರೆ ಇದನ್ನು ಒಂದು ಸಾಲಿನಲ್ಲಿ ಸೇರಿಸಿ.

ಎರಡನೆಯದು ಐದನೇ ಪ್ಯಾರಾ: “1947ರಲ್ಲಿ ಕಾರ್ಡಿನಲ್ಸ್ ವಿರುದ್ಧ ಚೆಂಡು ಹಿಡಿದು ಮಿಂಚಿನಂತೆ 92 ಗಜ ಓಡಿ ಗೋಲ್ ಹೊಡೆದ. ಕ್ರೀಡಾಂಗಣವೇ ಮೈಮರೆಯಿತು.” ಈ ಆಟದಲ್ಲಿ ಹಾಗೆ ಓಡಿ ಗಳಿಸುವುದು ಗೋಲ್ ಅಲ್ಲ, ಟಚ್‌ಡೌನ್, ಅದಕ್ಕೆ 6 ಅಂಕ. ಇದನ್ನು ತಿದ್ದುವುದು ಸುಲಭ. ದೊಡ್ಡ ಕೊರತೆ ಬೇರೆ: 92 ಗಜ ಎಂದರೆ ಎಷ್ಟು ಎಂದು ಓದುಗರಿಗೆ ತಿಳಿಯುವುದೇ ಇಲ್ಲ.

ಮೈದಾನದ ಎರಡು ಗೋಲ್ ಗೆರೆಗಳ ನಡುವೆ 100 ಗಜ. ಪ್ರತಿ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಪ್ರಯತ್ನ. ಒಂದು ಪ್ರಯತ್ನದಲ್ಲಿ ಓಟಗಾರ ನಾಲ್ಕು ಗಜ ಗಳಿಸಿದರೆ ಕೋಚ್‌ಗೆ ತೃಪ್ತಿ. 92 ಗಜದ ಓಟವೆಂದರೆ, ಶುರುವಾಗುವಾಗ ಚೆಂಡು ತನ್ನದೇ ಗೋಲ್ ಗೆರೆಯಿಂದ ಬರೀ 8 ಗಜ, ಅಂದರೆ 24 ಅಡಿ ದೂರದಲ್ಲಿತ್ತು. ಚೆಂಡಿನೊಂದಿಗೆ ಆ ಗೆರೆಯ ಹಿಂದೆ ಸಿಕ್ಕಿಬಿದ್ದರೆ ಎದುರಾಳಿಗೆ 2 ಅಂಕ. ಎದುರಿಗೆ ಹನ್ನೊಂದು ಜನ. ನಮ್ಮ ಓದುಗರಿಗೆ ಕ್ರಿಕೆಟ್ ಪಿಚ್ 22 ಗಜ ಎಂದು ಗೊತ್ತು. ನಾಲ್ಕು ಪಿಚ್ ಉದ್ದಕ್ಕೆ ಜೋಡಿಸಿದರೂ 88 ಗಜವೇ ಆಗುವುದು. ಕಾರ್ಡಿನಲ್ಸ್ ಸಾಮಾನ್ಯ ತಂಡವೂ ಅಲ್ಲ, ಆ ವರ್ಷದ ಚಾಂಪಿಯನ್ ಅವರೇ. ಇಷ್ಟು ಹೇಳಿದರೆ “ಮಿಂಚು” ಬೇಕಾಗುವುದಿಲ್ಲ.

ಜೊತೆಗೆ ಆ ಋತುವಿನ ಲೆಕ್ಕ ಕೊಡಿ. 60 ಓಟ, 444 ಗಜ, ಸರಾಸರಿ 7.4, ಲೀಗ್‌ನಲ್ಲೇ ಹೆಚ್ಚು. ಒಂದೇ ಓಟದಿಂದ ಉಬ್ಬಿದ ಸರಾಸರಿ ಎಂದು ಯಾರಾದರೂ ಕೇಳುತ್ತಾರೆ. ಆ 92 ಗಜ ಕಳೆದು ನೋಡಿ: ಉಳಿದ 59 ಓಟಗಳಿಗೆ 352 ಗಜ, ಓಟಕ್ಕೆ ಹತ್ತಿರ ಹತ್ತಿರ 6. ರಿಪೇರಿಯಾದ ಮಂಡಿಗಳ ಮೇಲೆ, 29ನೇ ವಯಸ್ಸಿನಲ್ಲಿ. 1946ರಲ್ಲಿ 23 ಓಟ, 114 ಗಜ. 1948ರಲ್ಲಿ 57 ಓಟ, 301 ಗಜ. ಮೂರು ಋತುಗಳಿಗೇ ಆಟ ಮುಗಿಯಿತು: ಒಟ್ಟು 140 ಓಟ, 859 ಗಜ, 8 ಟಚ್‌ಡೌನ್. “ಅಸಂಖ್ಯ ದಾಖಲೆಗಳ ಸರದಾರ” ಎಂಬ ನಿಮ್ಮ ವಾಕ್ಯವನ್ನು ಹೊಡೆದುಹಾಕಿ ಈ ಅಂಕಿಗಳನ್ನು ಇಡಿ. ಸಂಖ್ಯೆ ಚಿಕ್ಕದೆಂದು ಮುಚ್ಚಬೇಡಿ. ಅದು ಏಕೆ ಚಿಕ್ಕದು ಎಂದು ಮೂರನೇ ಪ್ಯಾರಾದಲ್ಲಿ ಆಗಲೇ ಹೇಳಿರುತ್ತೀರಲ್ಲ.

ಮೂರನೇ ಮತ್ತು ಐದನೇ ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಕೊಲಿಸಿಯಮ್ ಸಭೆಯನ್ನು ಲೇಖನದ ಆರಂಭಕ್ಕೆ ತನ್ನಿ. 1946ರ ಮೇ ತಿಂಗಳಲ್ಲಿ ರ‍್ಯಾಮ್ಸ್ ಸೇರಿದ ವುಡಿ ಸ್ಟ್ರೋಡ್ ಅವರನ್ನು “ಮುಂದೆ ಸಿನಿಮಾ ನಟರಾದವರು” ಎಂದಷ್ಟೇ ಬಿಡಬೇಡಿ. ಯುಸಿಎಲ್‌ಎಯಲ್ಲಿ ವಾಷಿಂಗ್ಟನ್ ಜೊತೆ ಆಡಿದವರು, ಆ ವರ್ಷ ಲೀಗ್‌ನ ಎರಡನೇ ಕಪ್ಪು ಆಟಗಾರ ಅವರೇ. ತಿದ್ದಿದ ಪ್ರತಿ ಬಂದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ