ಆಟೊ ಕರ್ನ್‌ಬರ್ಗ್ ಯಾರು? ಅವರ ಬರಹ ಮನೆಯವರಿಗೆ ಉಪಯೋಗವಾಗುತ್ತದೆಯೇ?

ನಿಮ್ಮ ಅಕ್ಕನಿಗೆ ‘ಬಾರ್ಡರ್‌ಲೈನ್ ವ್ಯಕ್ತಿತ್ವ ಸಮಸ್ಯೆ’ ಇದೆ ಎಂದು ವೈದ್ಯರು ಹೇಳಿದ ಮೇಲೆ, ಎಲ್ಲಿ ಹುಡುಕಿದರೂ ಮನೋವೈದ್ಯ ಆಟೊ ಕರ್ನ್‌ಬರ್ಗ್ ಅವರ ಹೆಸರೇ ಸಿಗುತ್ತಿದೆ ಎಂದು ಬರೆದಿದ್ದೀರಿ. ನಾನು ವೈದ್ಯೆಯಲ್ಲ, ಸೋಮವಾರಪೇಟೆ ಬಳಿ ಕಾಫಿ ತೋಟ ನೋಡಿಕೊಂಡಿರುವವಳು. ನನ್ನ ತಂಗಿಗೂ ಇದೇ ಕಾಯಿಲೆ. ಅವಳಿಗಾಗಿಯೇ ಕರ್ನ್‌ಬರ್ಗ್ ಅವರನ್ನು ಓದಿದೆ.

ಒಂದು ಹುತ್ತರಿಯ ರಾತ್ರಿ ಕದಿರು ತೆಗೆದು ಬಂದ ಮೇಲೆ ಅವಳು ನನ್ನನ್ನು ತಬ್ಬಿಕೊಂಡು, ‘ಅಕ್ಕಾ, ನೀನಿಲ್ಲದಿದ್ದರೆ ನಾನಿಲ್ಲ’ ಎಂದಳು. ಮರುದಿನ ಕಣದಲ್ಲಿ ಕಾಫಿ ಹರಡುತ್ತಿದ್ದ ನನಗೆ ಅವಳ ಫೋನ್ ಕೇಳಿಸಲಿಲ್ಲ. ಸಂಜೆಯ ಹೊತ್ತಿಗೆ ನಾನು ಅವಳ ಸಾವು ಬಯಸುವ ಶತ್ರುವಾಗಿದ್ದೆ. ನೆಂಟರು ಅದನ್ನು ಕೊಬ್ಬು ಎಂದರು, ಮದುವೆ ಮಾಡಿದರೆ ಸರಿಹೋಗುತ್ತದೆ ಎಂದರು. ಆದರೆ ಅವಳ ಕಣ್ಣಲ್ಲಿದ್ದ ಭಯ ನಿಜವಾದದ್ದು.

ಆ ಭಯಕ್ಕೆ ನನಗೆ ಅರ್ಥ ಸಿಕ್ಕಿದ್ದು ಕರ್ನ್‌ಬರ್ಗ್ ಅವರಲ್ಲಿ. ಎತ್ತಿಕೊಳ್ಳುವ ಅಮ್ಮ, ಅತ್ತರೂ ತಡವಾಗಿ ಬರುವ ಅಮ್ಮ ಇಬ್ಬರೂ ಒಬ್ಬಳೇ ಎಂಬುದು ಮಗುವಿಗೆ ನಿಧಾನವಾಗಿ ಕೂಡಿಬರುತ್ತದೆ. ಕೆಲವರಲ್ಲಿ ಆ ಎರಡು ಚಿತ್ರಗಳು ಕೂಡುವುದೇ ಇಲ್ಲ. ದ್ವೇಷವು ಪ್ರೀತಿಯನ್ನು ಸುಟ್ಟುಬಿಡದಿರಲಿ ಎಂದು ಮನಸ್ಸು ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಳ್ಳುತ್ತದೆ. ಇದಕ್ಕೆ ‘ಸ್ಪ್ಲಿಟಿಂಗ್’ ಎನ್ನುತ್ತಾರೆ. ಮನೋವಿಶ್ಲೇಷಕಿ ಮೆಲನಿ ಕ್ಲೈನ್ ಮೊದಲೇ ವಿವರಿಸಿದ್ದ ಈ ವಿಚಾರವನ್ನು ಕರ್ನ್‌ಬರ್ಗ್ ಇಂಥ ರೋಗಿಗಳ ಚಿಕಿತ್ಸೆಗೆ ಆಧಾರವಾಗಿಸಿದರು. ಹಾಗೆಂದು ನಿಮ್ಮ ತಾಯಿಯನ್ನು ದೂರಬೇಡಿ, ದಯವಿಟ್ಟು. ಹುಟ್ಟಿನಿಂದ ಬರುವ ಸ್ವಭಾವದ ತೀವ್ರತೆಗೂ ಅವರು ದೊಡ್ಡ ಪಾತ್ರ ಕೊಟ್ಟಿದ್ದಾರೆ.

ಕರ್ನ್‌ಬರ್ಗ್ ಹುಟ್ಟಿದ್ದು 1928ರಲ್ಲಿ, ವಿಯೆನ್ನಾದಲ್ಲಿ. 1939ರಲ್ಲಿ ಕುಟುಂಬ ನಾಜಿಗಳಿಂದ ತಪ್ಪಿಸಿಕೊಂಡು ಚಿಲಿಗೆ ಹೋಯಿತು. ವೈದ್ಯಕೀಯವನ್ನೂ ಮನೋವಿಶ್ಲೇಷಣೆಯನ್ನೂ ಅಲ್ಲಿಯೇ ಕಲಿತರು. 1961ರಲ್ಲಿ ಅಮೆರಿಕದ ಕಾನ್ಸಸ್‌ನ ಮೆನಿಂಜರ್ ಆಸ್ಪತ್ರೆ ಸೇರಿದರು, ಆಮೇಲೆ ನ್ಯೂಯಾರ್ಕ್‌ಗೆ ಹೋದರು. ನ್ಯೂರೋಸಿಸ್‌ಗೂ (ವಾಸ್ತವದ ಅರಿವು ಉಳಿದಿರುವ ಮನೋವ್ಯಥೆ) ಸೈಕೋಸಿಸ್‌ಗೂ (ವಾಸ್ತವದ ಅರಿವೇ ತಪ್ಪುವ ಸ್ಥಿತಿ) ನಡುವೆ ಸಿಕ್ಕಿಕೊಂಡವರ ಮನಸ್ಸಿನ ರಚನೆಯನ್ನು 1967ರ ಲೇಖನದಲ್ಲಿ ವಿವರಿಸಿದರು. ಆತ್ಮರತಿಯ (ನಾರ್ಸಿಸಿಸಂ, ತನ್ನ ಮೇಲೆಯೇ ಅತಿಯಾದ ಮೋಹ) ವಿಷಯದಲ್ಲಿ ಇನ್ನೊಬ್ಬ ಮನೋವಿಶ್ಲೇಷಕ ಹೈಂಜ್ ಕೋಹಟ್ ಜೊತೆ ಅವರಿಗಿದ್ದ ಭಿನ್ನಾಭಿಪ್ರಾಯ ಪ್ರಸಿದ್ಧ. ಕೋಹಟ್ ಅದನ್ನು ಅರ್ಧಕ್ಕೆ ನಿಂತ ಬೆಳವಣಿಗೆ ಎಂದು ನೋಡಿದರು. ಕರ್ನ್‌ಬರ್ಗ್ ಒಳಗೆ ಅಡಗಿರುವ ಕೋಪ, ಅಸೂಯೆಗಳನ್ನು ನೇರವಾಗಿ ಎದುರಿಸಬೇಕು ಎಂದರು. ಈ ನೇರತನವೇ ನನಗೆ ಹೆಚ್ಚು ಗೌರವದ ದಾರಿಯಾಗಿ ಕಾಣುತ್ತದೆ.

ಅವರು ಸಹೋದ್ಯೋಗಿಗಳೊಂದಿಗೆ ರೂಪಿಸಿದ ಚಿಕಿತ್ಸೆ ವಾರಕ್ಕೆ ಎರಡು ಸಲ ನಡೆಯುತ್ತದೆ. ಸಾಯಬೇಕೆನಿಸಿದಾಗ ಯಾರು ಏನು ಮಾಡಬೇಕು ಎಂಬುದು ಮೊದಲೇ ಮಾತಾಗಿರುತ್ತದೆ. ರೋಗಿ ಚಿಕಿತ್ಸಕರ ಮೇಲೆ ಸಿಟ್ಟಾದರೆ ಅದೇ ಆ ಹೊತ್ತಿನ ಕೆಲಸ: ಹೋದ ವಾರ ದೇವರಾಗಿದ್ದವರು ಈ ವಾರ ಹೇಗೆ ವೈರಿಯಾದರು ಎಂದು ಇಬ್ಬರೂ ಕುಳಿತು ನೋಡುತ್ತಾರೆ. 2007ರಲ್ಲಿ ಪ್ರಕಟವಾದ, 90 ರೋಗಿಗಳ ಅಧ್ಯಯನದಲ್ಲಿ ಇದನ್ನು ಬೇರೆ ಎರಡು ಚಿಕಿತ್ಸೆಗಳೊಂದಿಗೆ ಹೋಲಿಸಿದರು. ಖಿನ್ನತೆ, ಆತಂಕಗಳು ಮೂರರಲ್ಲೂ ಇಳಿದವು. ಆದ್ದರಿಂದ ಇದೇ ಬೇಕೆಂದು ಹಟ ಹಿಡಿಯಬೇಡಿ, ತರಬೇತಿ ಪಡೆದ ಒಬ್ಬರ ಬಳಿ ಬಿಡದೆ ಹೋಗುವುದು ಮುಖ್ಯ.

ತಂಗಿ ಈಗ ವಾರಕ್ಕೊಮ್ಮೆ ಮೈಸೂರಿಗೆ ಹೋಗುತ್ತಾಳೆ. ನಾನು ಫೋನ್ ಎತ್ತದಿದ್ದರೆ ‘ಕಣದಲ್ಲಿದ್ದೀಯಾ?’ ಎಂದು ಸಂದೇಶ ಕಳುಹಿಸುತ್ತಾಳೆ. ಪ್ರತಿ ಸಲವೂ ಅಲ್ಲ. ನಿಮ್ಮ ಅಕ್ಕ ಸಾಯುವ ಮಾತಾಡಿದರೆ ಒಬ್ಬಳನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ.