ಹುಬ್ಬಳ್ಳಿ ಕಡೆಯ ಸಣ್ಣ ವ್ಯಾಪಾರಿಗಳು ಸೈಬರ್ ಮೋಸದಿಂದ ಪಾರಾಗುವುದು ಹೇಗೆ?

ಸಾಫ್ಟ್‌ವೇರ್ ಕೊಳ್ಳುವ ಮೊದಲು ಲೆಕ್ಕ ಬರೆಯುವವರ ಜೊತೆ ಕೂತು ಮಾತಾಡಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ, ಪರಿಚಯದ ಪಾರ್ಟಿಯ ಹೆಸರಲ್ಲಿ "ನಮ್ಮ ಖಾತೆ ಬದಲಾಗಿದೆ, ಇದಕ್ಕೆ ಹಣ ಹಾಕಿ" ಅಂತ ಇಮೇಲ್ ಬಂತು ಅಂದುಕೊಳ್ಳಿ. ವಿಳಾಸದಲ್ಲಿ ಒಂದೇ ಅಕ್ಷರ ಬೇರೆ. ಟೆಂಡರ್ ದಿನದ ಗಡಿಬಿಡಿಯಲ್ಲಿ ಅದು ಯಾರ ಕಣ್ಣಿಗೆ ಬೀಳುತ್ತದೆ? ಹಳೆಯ ನಂಬರಿಗೆ ಫೋನ್ ಮಾಡಿ ಕೇಳದೆ ಹಣ ಕಳಿಸಬಾರದು. ದುಬಾರಿ ಆಂಟಿವೈರಸ್‌ಗಿಂತ ಇದೇ ಜಾಸ್ತಿ ಕೆಲಸಕ್ಕೆ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾವನ್ನು ದಿನಾ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಆಮೇಲೆ ವೈರ್ ತೆಗೆದಿಡಿ. ಸುಮ್ನೆ ಹಾಗೇ ಬಿಟ್ಟರೆ, ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡಬಹುದು. ಇಮೇಲ್‌ಗೆ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆ ಫೋನಿನ ಕೋಡ್ ಕೂಡ ಕೇಳುವಂಥದ್ದು) ಇರಲಿ.

ಹಣ ಹೋದರೆ ನಾಚಿಕೆ ಪಡದೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಅದನ್ನು ತಡೆಹಿಡಿಯುವುದು ಕಷ್ಟ. ಪಕ್ಕದ ಅಂಗಡಿಯವರಿಗೂ ಹೇಳಿ, ಅದೇ ಮೇಲ್ ನಾಳೆ ಅವರಿಗೂ ಬರಬಹುದು ಅಲ್ವಾ?