ಪೀಣ್ಯದಲ್ಲಿ ಕೆಲಸ ಹೋಯಿತು. ಇಎಸ್‌ಐ ಅನ್ನೋ ಕಾರ್ಮಿಕರ ವಿಮೆಯಿಂದ ದುಡ್ಡು ಬರುತ್ತಾ? ರೇಷನ್‌ಗೆ ಏನು ಮಾಡಬೇಕು?

ಬರುತ್ತೆ. ಆದರೆ ಅದಾಗೇ ಬರಲ್ಲ, ನೀವೇ ಹಿಂದೆ ಬೀಳಬೇಕು. ನಾಲ್ಕು ವರ್ಷ ಕೆಲಸ, 18 ಸಾವಿರ ಸಂಬಳ, ಈಗ "ಆರ್ಡರ್ ಇಲ್ಲ" ಅಂತ ಕಳಿಸಿದ್ದಾರೆ ಅಂತ ಬರೆದಿದ್ದೀರಿ. 2023ರ ಕೊನೆಯಲ್ಲಿ ನನ್ನ ಕಥೆಯೂ ಇದೇ. ನಾನೂ ಪೀಣ್ಯದಲ್ಲೇ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯೋ ಮಿಷಿನ್) ಆಪರೇಟರ್ ಆಗಿದ್ದೆ.

ಮೊದಲು ಒಂದು ಮಾತು. ರಾಜೀನಾಮೆ ಬರೆದುಕೊಟ್ಟಿದ್ದೀರಾ? ಕೊಟ್ಟಿಲ್ಲ ಅಂದರೆ ಕೊಡಬೇಡಿ. "ಒಂದು ಸಹಿ ಹಾಕಪ್ಪ, ಸೆಟ್ಲ್‌ಮೆಂಟ್ ಬೇಗ ಆಗುತ್ತೆ" ಅಂತ ನಯವಾಗಿ ಕೇಳುತ್ತಾರೆ. ನಾನು ಹಾಕಲಿಲ್ಲ, ಆದರೂ ಆಫೀಸಿನ ಹುಡುಗ ಇಎಸ್‌ಐ ಲೆಕ್ಕದಲ್ಲಿ ಕಾರಣದ ಜಾಗಕ್ಕೆ "ತಾನೇ ಬಿಟ್ಟ" ಅನ್ನೋ ಅರ್ಥದ್ದನ್ನು ಒತ್ತಿಬಿಟ್ಟಿದ್ದ. ಅದನ್ನು ಸರಿಮಾಡಿಸೋಕೆ ಗೇಟಿನ ಹತ್ತಿರ ಮೂರು ಸಲ ನಿಂತಿದ್ದೇನೆ. ಮೂರನೇ ಸಲ ಸೆಕ್ಯುರಿಟಿಯವರೇ ಪಾಪ ಅಂತ ಟೀ ಕೊಡಿಸಿದರು.

ಇಎಸ್‌ಐನವರು ದುಡ್ಡು ಕೊಡೋ ಯೋಜನೆಯ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರಲ್ಲಿ ಶುರುವಾದಾಗ ದಿನದ ಸರಾಸರಿ ಸಂಬಳದ ಕಾಲು ಭಾಗ ಕೊಡುತ್ತಿದ್ದರು, 2020ರಲ್ಲಿ ಅರ್ಧಕ್ಕೆ ಏರಿಸಿದರು. ಹೆಚ್ಚೆಂದರೆ 90 ದಿನ, ಅದೂ ಜೀವನದಲ್ಲಿ ಒಂದೇ ಸಲ. ನಿಮ್ಮ ಸಂಬಳಕ್ಕೆ ದಿನಕ್ಕೆ 300ರ ಹತ್ತಿರ, ಒಟ್ಟು 27 ಸಾವಿರದ ಆಸುಪಾಸು ಆಗುತ್ತೆ. ಕೆಲಸ ಹೋಗಿ 30 ದಿನ ಆದಮೇಲೆ ಇಎಸ್‌ಐ ಪೋರ್ಟಲ್‌ನಲ್ಲಿ ನಿಮ್ಮ ಐಪಿ ನಂಬರ್ (ಇಎಸ್‌ಐ ವಿಮೆಯ ನಂಬರ್) ಹಾಕಿ ಅರ್ಜಿ ಕೊಡಬಹುದು. ಆಧಾರ್, ಬ್ಯಾಂಕ್ ಪಾಸ್‌ಬುಕ್ ಎರಡರಲ್ಲೂ ಹೆಸರು ಒಂದೇ ಥರ ಇರಲಿ, ಇನಿಷಿಯಲ್ ಆಚೀಚೆ ಆದರೂ ತಲೆನೋವು. ಈ ಯೋಜನೆಯನ್ನು ಆಗಾಗ ಅವಧಿ ವಿಸ್ತರಿಸಿಕೊಂಡು ನಡೆಸುತ್ತಿದ್ದಾರೆ, ಅದಕ್ಕೇ ಈಗ ಜಾರಿಯಲ್ಲಿದೆಯಾ ಅಂತ ಬ್ರಾಂಚ್ ಆಫೀಸಿನಲ್ಲಿ ಕೇಳಿಕೊಳ್ಳಿ. ಹಾಗೇ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ನಿಮಗೆ ಅನ್ವಯಿಸುತ್ತಾ ಅಂತಲೂ ಕೇಳಿ. ಕಾರ್ಖಾನೆ ಮುಚ್ಚಿದವರಿಗೆ, ಕಾನೂನು ಪ್ರಕಾರ ರಿಟ್ರೆಂಚ್ ಆದವರಿಗೆ, ಅಂದರೆ ಕಂಪನಿಯೇ ಕೆಲಸದಿಂದ ಕಡಿತ ಮಾಡಿದವರಿಗೆ ಇರೋದು ಅದು, ಎರಡು ವರ್ಷದವರೆಗೂ ಬರುತ್ತೆ. ಲೆಕ್ಕದಲ್ಲಿ "ತಾನೇ ಬಿಟ್ಟ" ಅಂತಿದ್ದರೆ ಸಿಗಲ್ಲ, ಕಾರಣದ ಬಗ್ಗೆ ನಾನು ಇಷ್ಟೊಂದು ಹೇಳುತ್ತಿರುವುದು ಅದಕ್ಕೇ.

ಯುವನಿಧಿ ಬಗ್ಗೆ ಯಾರೋ ಹೇಳಿದರು ಅಂದಿರಿ. ಅದು ಹೊಸದಾಗಿ ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ, ನಮಗಲ್ಲ.

ಇನ್ನು ರೇಷನ್. ಹೊಸ ಬಿಪಿಎಲ್ ಕಾರ್ಡ್‌ಗೆ ಕಾಯುತ್ತಾ ಕೂರಬೇಡಿ, ಅರ್ಜಿ ಯಾವಾಗ ತೆಗೆದುಕೊಳ್ಳುತ್ತಾರೋ ಯಾವಾಗ ನಿಲ್ಲಿಸುತ್ತಾರೋ. ಊರಿನ ಕಾರ್ಡಿನಲ್ಲಿ ನಿಮ್ಮ ಹೆಸರಿದೆಯಾ ಮೊದಲು ನೋಡಿ. ಇದ್ದರೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೇ ಹೆಬ್ಬೆಟ್ಟು ಒತ್ತಿ ತಗೋಬಹುದು, ಊರಲ್ಲಿ ಆ ತಿಂಗಳದ್ದು ಪೂರ್ತಿ ಎತ್ತಿರಬಾರದು ಅಷ್ಟೇ. ನಮ್ಮ ಕಾರ್ಡ್ ತಿಪಟೂರು ಕಡೆಯದು, ಅಮ್ಮನ ಹೆಸರಲ್ಲಿದೆ. ಆ ತಿಂಗಳು ಎತ್ತಬೇಡಮ್ಮ ಅಂತ ಫೋನ್ ಮಾಡಿದಾಗ ಅಮ್ಮನಿಗೆ ಎಲ್ಲಾ ಗೊತ್ತಾಯಿತು, ಅಲ್ಲಿವರೆಗೂ ಕೆಲಸ ಹೋದದ್ದು ಹೇಳಿರಲಿಲ್ಲ.

ಅಂಗಡಿಯಲ್ಲಿ ಇನ್ನೊಂದು ಫಜೀತಿ. ನನ್ನ ಬೆರಳು ಮಿಷಿನ್‌ಗೆ ಹತ್ತಲೇ ಇಲ್ಲ. ವರ್ಷಗಟ್ಟಲೆ ಮಿಷಿನ್ ತಂಪು ಮಾಡೋ ಕೂಲೆಂಟ್‌ನಲ್ಲಿ ಕೈಯಾಡಿಸಿ ಗೆರೆಗಳೆಲ್ಲ ಸವೆದಿದ್ದವು. ಒರೆಸಿದೆ, ಊದಿದೆ, ಹತ್ತೂ ಬೆರಳು ಇಟ್ಟೆ. ಹಿಂದೆ ಕ್ಯೂನಲ್ಲಿದ್ದವರು ಗೊಣಗುತ್ತಿದ್ದರು. ಕೊನೆಗೆ ಮನೆಯವಳನ್ನು ಕರೆಸಿ ಅವಳ ಹೆಬ್ಬೆಟ್ಟು ಒತ್ತಿಸಿದ ಮೇಲೆ ಅಕ್ಕಿ ಕೊಟ್ಟರು. ನಿಮ್ಮದೂ ಮಿಷಿನ್ ಕೆಲಸ ಆಗಿದ್ದರೆ ಕಾರ್ಡಿನಲ್ಲಿರೋ ಇನ್ನೊಬ್ಬರನ್ನು ಜೊತೆಗೇ ಕರೆದುಕೊಂಡು ಹೋಗಿ.

ಕೆಲಸ ಹುಡುಕಿಕೊಂಡು ಅಲೆಯುವ ದಿನ ಇಂದಿರಾ ಕ್ಯಾಂಟೀನ್ ಇದೆ. ಬೆಳಿಗ್ಗೆ 5 ರೂಪಾಯಿ, ಮಧ್ಯಾಹ್ನ 10. ನಾನು ಹೋಗುತ್ತಿದ್ದಾಗ ಸ್ವಲ್ಪ ತಡವಾದರೂ ತಿಂಡಿ ಖಾಲಿ ಆಗಿರುತ್ತಿತ್ತು, ಬೇಗ ಹೋಗಿ.

ಪಿಎಫ್ ದುಡ್ಡು ಮಾತ್ರ ಈಗಲೇ ಪೂರ್ತಿ ತೆಗೆಯಬೇಡಿ. ಆದರೆ ಅದರಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕಿದ್ದಾರಾ ನೋಡಿಕೊಳ್ಳಿ. ಕಂಪನಿಯವರು ಹಾಕದಿದ್ದರೆ ಎರಡು ತಿಂಗಳಾದ ಮೇಲೆ ನೀವೇ ಆನ್‌ಲೈನ್‌ನಲ್ಲಿ ಹಾಕಬಹುದು. ಇಎಸ್‌ಐನಲ್ಲಿ ಯಾವ ಕಾರಣ ತೋರಿಸುತ್ತಿದೆ ಅಂತ ನೋಡಿ ಇಲ್ಲೇ ಬರೆಯಿರಿ, ಮುಂದಿನದು ಹೇಳುತ್ತೇನೆ.